ಹಳೆಯ ವೆಬ್‌ಸೈಟ್ ತಂತ್ರಾಂಶ: ಇಟ್ಟುಕೊಳ್ಳುವುದೇ, ಬಿಡುವುದೇ?

ನನ್ನ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ಕಟ್ಟುವ ಒಂದು ಹಳೆಯ ತಂತ್ರಾಂಶವಿದೆ. ಹೆಸರು ಬೇಡ, ಅದನ್ನು ಬೈಯುವ ಹಕ್ಕು ನನ್ನೊಬ್ಬನಿಗೇ ಇರಲಿ. ಪುಟ ತೆರೆ, ಚಿತ್ರವನ್ನು ಎಳೆದು ತಂದು ಬೇಕಾದ ಕಡೆ ಬಿಡು, ನಾಲ್ಕು ಸಾಲು ಬರೆ, ಪ್ರಕಟಿಸುವ ಗುಂಡಿ ಒತ್ತು. ಕೆಲಸ ಮುಗಿಯಿತು. ಹದಿನೈದು ವರ್ಷಗಳ ಒಡನಾಟದಲ್ಲಿ ಅದರ ಮೆನುಗಳು ಕಣ್ಣಿಗಿಂತ ಕೈಗೆ ಹೆಚ್ಚು ಪರಿಚಯವಾಗಿವೆ. ಅದರ ಜೊತೆಜೊತೆಗೇ ಒಂದು ಬಯಕೆಗಳ ಪಟ್ಟಿಯೂ ಬೆಳೆದಿದೆ. ಪುಟ ಮೊಬೈಲಿಗೆ ತಾನಾಗಿ ಹೊಂದಿಕೊಳ್ಳಬೇಕು, ಚಿತ್ರಗಳು ತಾವಾಗಿ ಕುಗ್ಗಬೇಕು, ಕತ್ತಲ ಬಣ್ಣವಿನ್ಯಾಸ ಬೇಕು, ಅಪ್‌ಲೋಡ್ ಸುರಕ್ಷಿತವಾಗಿರಬೇಕು, ಕಳೆದ ವಾರದ ರೂಪಕ್ಕೆ ಮರಳುವ ದಾರಿ ಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಪಟ್ಟಿಯನ್ನು ತೆರೆದು ನೋಡುತ್ತೇನೆ. ಗುಂಡಿಗಳ ಬಣ್ಣ ಬದಲಾಗಿರುತ್ತದೆ.

ಹೀಗೆ ಕಾದು ಕುಳಿತವರ ಮುಂದೆ ಹಲವು ದಾರಿಗಳಿವೆ. ಹಳೆಯದಕ್ಕೇ ತೇಪೆ ಹಾಕಿಕೊಂಡು ಮುಂದುವರಿಯಬಹುದು. ಅದೇ ಜಾತಿಯ ಹೊಸ ಡೆಸ್ಕ್‌ಟಾಪ್ ತಂತ್ರಾಂಶವನ್ನು ಹುಡುಕಬಹುದು. ಎಲ್ಲವನ್ನೂ ಬ್ರೌಸರಿನಲ್ಲೇ ಮಾಡಿಸುವ ಚಂದಾ ಸೇವೆಗೆ ಸೇರಬಹುದು. ವರ್ಡ್‌ಪ್ರೆಸ್ ಹಿಡಿಯಬಹುದು, ಸ್ಥಿರ ಪುಟಗಳನ್ನು ಉತ್ಪಾದಿಸುವ ಜನರೇಟರ್ ಬಳಸಬಹುದು, ಅಥವಾ ಕೈಯಿಂದಲೇ ಕೋಡ್ ಬರೆಯಬಹುದು. ಆದರೆ ಪಟ್ಟಿಯಲ್ಲಿರುವ ಬಯಕೆಗಳಲ್ಲಿ ಅರ್ಧದಷ್ಟಕ್ಕೆ ತಂತ್ರಾಂಶ ಜವಾಬ್ದಾರಿಯೇ ಅಲ್ಲ. ಕೆಲವು ತಾಣವನ್ನು ಇಟ್ಟಿರುವ ಕಂಪ್ಯೂಟರಿನ, ಅಂದರೆ ಸರ್ವರಿನ ಕೆಲಸ, ಕೆಲವು ಪುಟದೊಳಗಿನ ನಾಲ್ಕು ಸಾಲಿನ ಕೆಲಸ. ಅವನ್ನು ಬೇರ್ಪಡಿಸದೆ ತಂತ್ರಾಂಶವನ್ನೇ ಬದಲಿಸಲು ಹೊರಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ಯಾವ ಬಯಕೆ ಯಾರ ಪಾಲಿನದು

ವಿಳಾಸದ ಪಕ್ಕದ ಎಚ್ಚರಿಕೆಯಿಂದ ಆರಂಭಿಸೋಣ. 2018ರ ಜುಲೈನಲ್ಲಿ ಬಂದ ಕ್ರೋಮ್ 68, ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕ ಇಲ್ಲದ ಎಲ್ಲ ತಾಣಗಳನ್ನೂ ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿತು. ತಮ್ಮ ತಂತ್ರಾಂಶಕ್ಕೆ ವಯಸ್ಸಾಯಿತು ಎಂದುಕೊಂಡವರು ಇದ್ದಾರೆ. ಬೀಗ ಹಾಕುವುದು ಸರ್ವರ್. ಪುಟವನ್ನು ಯಾವ ತಂತ್ರಾಂಶದಲ್ಲಿ ಬರೆದಿರಿ ಎಂದು ಅದು ಕೇಳುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಕೊನೆಯಿಂದ ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುತ್ತಿದೆ, ಹೆಚ್ಚಿನ ಹೋಸ್ಟಿಂಗ್ ಸೇವೆಗಳ ನಿಯಂತ್ರಣ ಫಲಕದಲ್ಲಿ ಅದನ್ನು ಚಾಲೂ ಮಾಡುವ ಗುಂಡಿ ಇರುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಪುಟಗಳೊಳಗೆ ಚಿತ್ರ, ಸ್ಕ್ರಿಪ್ಟ್‌ಗಳನ್ನು ಹಳೆಯ ಎಚ್‌ಟಿಟಿಪಿ ವಿಳಾಸದಿಂದ ಕರೆಯುವ ಸಾಲುಗಳನ್ನು ತಿದ್ದುವುದು. ಎಲ್ಲ ಕಡತಗಳಲ್ಲೂ ಹುಡುಕಿ ಬದಲಿಸುವ ಸಾಧನವೊಂದಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಅಪ್‌ಲೋಡಿನ ವಿಷಯವೂ ಹಾಗೆಯೇ. ಹಳೆಯ ತಂತ್ರಾಂಶಗಳಲ್ಲಿ ಹಲವಕ್ಕೆ ಕಡತ ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಮಾತ್ರ ಗೊತ್ತು. ಅದು ಪಾಸ್‌ವರ್ಡನ್ನು ಯಾವ ಗೂಢಲಿಪಿಯೂ ಇಲ್ಲದೆ, ಅಂಚೆ ಕಾರ್ಡಿನಲ್ಲಿ ಬರೆದ ಹಾಗೆ ಕಳುಹಿಸುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ಆದರೂ ತಂತ್ರಾಂಶ ಬಿಡಬೇಕಾಗಿಲ್ಲ. ತಾಣವನ್ನು ನಿಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿಗೆ ‘ಪ್ರಕಟಿಸಿ’, ಅಲ್ಲಿಂದ ಫೈಲ್‌ಜಿಲ್ಲಾ ಅಥವಾ ವಿನ್‌ಎಸ್‌ಸಿಪಿ ಎಂಬ ಸಾಧನದ ಮೂಲಕ, ಸುರಕ್ಷಿತ ವಿಧಾನವಾದ ಎಸ್‌ಎಫ್‌ಟಿಪಿಯಲ್ಲಿ ಕಳುಹಿಸಿದರಾಯಿತು. ಒಂದು ಹೆಜ್ಜೆ ಹೆಚ್ಚು, ಅಷ್ಟೇ. ಈ ಫೋಲ್ಡರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಎಲ್ಲರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿರುವ ಮೊಬೈಲ್. ಇಲ್ಲಿ ಸ್ವಲ್ಪ ನಿಲ್ಲಬೇಕು. 2007ರಲ್ಲಿ ಐಫೋನ್ ಬಂದಾಗ ಇದ್ದ ತಾಣಗಳೆಲ್ಲ ದೊಡ್ಡ ಪರದೆಗಾಗಿ ಕಟ್ಟಿದವು. ಆದ್ದರಿಂದ ಅದರ ಬ್ರೌಸರ್ ತನ್ನ ಪುಟ್ಟ ಪರದೆ 980 ಪಿಕ್ಸೆಲ್ ಅಗಲವಿದೆ ಎಂದು ನಟಿಸಿ, ಪುಟವನ್ನು ಆ ಅಗಲಕ್ಕೆ ಹಾಸಿ, ಆಮೇಲೆ ಇಡಿಯಾಗಿ ಕುಗ್ಗಿಸಿ ತೋರಿಸುತ್ತಿತ್ತು. ಇಂದಿನ ಫೋನುಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ನಿಮ್ಮ ಹಳೆಯ ಪುಟ ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುವುದಕ್ಕೆ ಕಾರಣ ಇದೇ. ನಟನೆ ಬೇಡ, ನಿಜವಾದ ಅಗಲವನ್ನೇ ಬಳಸು ಎಂದು ಪುಟ ಹೇಳುವುದು ವ್ಯೂಪೋರ್ಟ್ ಎಂಬ ಒಂದು ಸಾಲಿನ ಮೆಟಾ ಟ್ಯಾಗಿನಿಂದ. ಓದುಗರಿಗೆ ಕಾಣದ, ಹೆಡ್ ಎಂಬ ಆರಂಭದ ಭಾಗಕ್ಕೆ ನಿಮ್ಮದೇ ಕೋಡ್ ಸೇರಿಸಲು ತಂತ್ರಾಂಶ ಬಿಟ್ಟರೆ ಆ ಸಾಲನ್ನು ಇವತ್ತೇ ಹಾಕಬಹುದು.

ಹಾಕಿದ ಮೇಲೆ ಏನಾಗುತ್ತದೆ ಎಂಬುದು ಪುಟದ ಎಲುಬುಗೂಡನ್ನು ಅವಲಂಬಿಸಿದೆ. 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್’ ವಿನ್ಯಾಸ ಎಂಬ ಹೆಸರು ಕೊಟ್ಟಾಗ ಮೂರು ಅಂಗಗಳನ್ನು ಹೇಳಿದರು: ಹಿಗ್ಗಿ ಕುಗ್ಗುವ ಅಂಕಣಗಳು, ಹಿಗ್ಗಿ ಕುಗ್ಗುವ ಚಿತ್ರಗಳು, ಪರದೆಯ ಅಗಲಕ್ಕೆ ತಕ್ಕಂತೆ ನಿಯಮ ಬದಲಿಸುವ ಮೀಡಿಯಾ ಕ್ವೆರಿಗಳು. ಅಂಕಣ, ಟೇಬಲ್‌ಗಳಲ್ಲಿ ಹರಿಯುವ ಪುಟವಾದರೆ ಈ ಮೂರನ್ನೂ ಪುಟದ ಅಂದಚೆಂದದ ನಿಯಮಗಳಿರುವ, ಹೊರಗಿನ ಒಂದು ಸಿಎಸ್‌ಎಸ್ ಕಡತದಿಂದ ಸೇರಿಸಬಹುದು. ಚಿತ್ರಗಳ ಗರಿಷ್ಠ ಅಗಲ ನೂರು ಶೇಕಡಾ, 700 ಪಿಕ್ಸೆಲ್‌ಗಿಂತ ಕಿರಿದಾದ ಪರದೆಯಲ್ಲಿ ಟೇಬಲ್ಲಿನ ಕೋಶಗಳು ಪಕ್ಕಪಕ್ಕ ನಿಲ್ಲುವ ಬದಲು ಒಂದರ ಕೆಳಗೊಂದು. ಇಪ್ಪತ್ತು ಮೂವತ್ತು ಸಾಲುಗಳಲ್ಲಿ ಹದಿನೈದು ವರ್ಷದ ಪುಟ ಫೋನಿನಲ್ಲಿ ಓದುವಂತಾಗುವುದನ್ನು ಕಂಡಿದ್ದೇನೆ. ಸುಂದರವಾಗುತ್ತದೆ ಎನ್ನಲಾರೆ.

ಆದರೆ ಹಲವು ಎಳೆದು ಬಿಡುವ ತಂತ್ರಾಂಶಗಳು ಪುಟವನ್ನು ಹರಿಯಲು ಬಿಡುವುದಿಲ್ಲ. ಪ್ರತಿ ಚಿತ್ರ, ಪ್ರತಿ ಪ್ಯಾರಾ ಮೇಲಿನಿಂದ ಇಷ್ಟು, ಎಡದಿಂದ ಇಷ್ಟು ಪಿಕ್ಸೆಲ್ ಎಂದು ಮೊಳೆ ಹೊಡೆದು ನಿಲ್ಲಿಸುತ್ತವೆ. ಪತ್ತೆ ಹಚ್ಚುವುದು ಸುಲಭ. ಬ್ರೌಸರಿನಲ್ಲಿ ಪುಟದ ಅಕ್ಷರಗಳನ್ನು ಮಾತ್ರ ಇಮ್ಮಡಿ ದೊಡ್ಡದು ಮಾಡಿ. ಕೆಳಗಿನ ವಿಷಯ ಕೆಳಗೆ ಸರಿದರೆ ಪುಟ ಹರಿಯುತ್ತಿದೆ. ಒಂದರ ಮೇಲೊಂದು ಏರಿ ಕುಳಿತರೆ ಮೊಳೆ ಹೊಡೆದಿದೆ, ಅದಕ್ಕೆ ಹೊರಗಿನ ತೇಪೆ ನಿಲ್ಲುವುದಿಲ್ಲ. ಮೊಬೈಲಿಗಾಗಿ ಎರಡನೆಯ ವಿನ್ಯಾಸವನ್ನು ಬೇರೆಯಾಗಿ ಕಟ್ಟಿಕೊಳ್ಳಿ ಎಂದು ಕೆಲವು ತಂತ್ರಾಂಶಗಳು ಪರಿಹಾರ ಕೊಡುತ್ತವೆ. ಪ್ರತಿ ಪುಟಕ್ಕೂ ಎರಡು ಬಾರಿ ದುಡಿಯುವ ಉತ್ಸಾಹ ಆರನೆಯ ಪುಟಕ್ಕೆ ಇಳಿದಿರುತ್ತದೆ. ಗೂಗಲ್ 2023ರ ಹೊತ್ತಿಗೆ ತಾಣಗಳನ್ನು ಮೊದಲು ಮೊಬೈಲ್ ರೂಪದಲ್ಲೇ ನೋಡಿ ಸೂಚಿಗೆ ಸೇರಿಸುವ ಪದ್ಧತಿಗೆ ಪೂರ್ತಿ ಬದಲಾಗಿರುವುದರಿಂದ, ಮೊಳೆ ಹೊಡೆದ ಪುಟಗಳ ಒಡೆಯರು ಈ ಲೇಖನದ ಮುಂದಿನ ಭಾಗವನ್ನು ಗಮನವಿಟ್ಟು ಓದುವುದು ಒಳ್ಳೆಯದು.

ಕತ್ತಲ ವಿನ್ಯಾಸ ಮತ್ತೆ ಸಿಎಸ್‌ಎಸ್ ಕಡತದ ಕೆಲಸ; ಓದುಗರ ಸಾಧನ ಕತ್ತಲನ್ನು ಬಯಸುತ್ತಿದೆಯೇ ಎಂದು ಕೇಳುವ ಮೀಡಿಯಾ ಕ್ವೆರಿ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿದೆ. ಬಿಳಿ ಹಿನ್ನೆಲೆಯ ಲೋಗೊ ಕಪ್ಪು ಪುಟದಲ್ಲಿ ಸ್ಟಿಕರಿನಂತೆ ಕಾಣುವುದೊಂದೇ ತಲೆನೋವು.

ಚಿತ್ರಗಳ ವಿಷಯದಲ್ಲಿ ಮಾತ್ರ ತಂತ್ರಾಂಶದ ವಯಸ್ಸು ನಿಜವಾಗಿ ಕಾಡುತ್ತದೆ. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ 4000 ಪಿಕ್ಸೆಲ್ ಅಗಲವಿರುತ್ತದೆ, ಪುಟದಲ್ಲಿ ಕಾಣುವುದು 800. ಹಳೆಯ ತಂತ್ರಾಂಶ ಇಡೀ ಕಡತವನ್ನು ಹಾಗೆಯೇ ಸರ್ವರಿಗೆ ಕಳುಹಿಸಿ, ತೋರಿಸುವಾಗ ಮಾತ್ರ ಚಿಕ್ಕದಾಗಿ ತೋರಿಸು ಎನ್ನುತ್ತದೆ. ಓದುಗ ಹಲವು ಮೆಗಾಬೈಟ್ ಇಳಿಸಿಕೊಂಡು ಒಂದು ಅಂಚೆಚೀಟಿ ನೋಡುತ್ತಾನೆ. ಈಗಿನ ರೂಢಿ ಬೇರೆ: ಒಂದೇ ಚಿತ್ರದ ಮೂರು ನಾಲ್ಕು ಅಳತೆಗಳನ್ನು ಮಾಡಿಟ್ಟು, ಯಾವುದು ಬೇಕೆಂದು ಬ್ರೌಸರ್ ಆರಿಸಿಕೊಳ್ಳಲು ಬಿಡುವುದು, ಜೆಪೆಗ್ ಬದಲು ಹೆಚ್ಚು ಕುಗ್ಗುವ ಹೊಸ ಮಾದರಿಗಳಾದ ವೆಬ್‌ಪಿ ಅಥವಾ ಎವಿಐಎಫ್ ಬಳಸುವುದು, ಪುಟದ ಕೆಳಭಾಗದ ಚಿತ್ರಗಳನ್ನು ಓದುಗ ಅಲ್ಲಿಗೆ ತಲುಪಿದಾಗ ಮಾತ್ರ ತರಿಸುವುದು. ಗೂಗಲ್ 2010ರಲ್ಲಿ ತಂದ ವೆಬ್‌ಪಿಯನ್ನು ಸಫಾರಿ ಒಪ್ಪಿಕೊಂಡದ್ದು 2020ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ತಂತ್ರಾಂಶ ಅದನ್ನು ಅರಿಯದಿದ್ದರೆ ಕ್ಷಮಿಸಬಹುದು. ತಾತ್ಕಾಲಿಕ ಉಪಾಯ: ಚಿತ್ರವನ್ನು ಪುಟಕ್ಕೆ ತರುವ ಮೊದಲೇ ಸ್ಕೂಶ್ ಅಥವಾ ಇಮೇಜ್‌ಮ್ಯಾಜಿಕ್ಕಿನಲ್ಲಿ 1600 ಪಿಕ್ಸೆಲ್‌ಗೆ ಇಳಿಸಿ. ಇಷ್ಟು ಮಾಡಿದರೆ ಬಹುಪಾಲು ಲಾಭ ಸಿಕ್ಕಿತು.

ಹಿಂದಿನ ರೂಪಕ್ಕೆ ಮರಳುವ ಬಯಕೆಗೆ, ಕಡತಗಳ ಪ್ರತಿ ರೂಪವನ್ನೂ ಕಾದಿಡುವ ಗಿಟ್ ಇದೆ. ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಫೋಲ್ಡರನ್ನು ಗಿಟ್‌ಗೆ ಒಪ್ಪಿಸಿದರೆ ಪ್ರತಿ ಪ್ರಕಟಣೆಯೂ ದಾಖಲಾಗುತ್ತದೆ. ತಂತ್ರಾಂಶಕ್ಕೆ ಅದರ ಸುಳಿವೂ ಸಿಗುವುದಿಲ್ಲ.

ಕಡತವೇ, ಪೆಟ್ಟಿಗೆಯೇ

ಇಷ್ಟಾದ ಮೇಲೆ ಉಳಿಯುವ ಬಯಕೆಗಳೇ ತಂತ್ರಾಂಶದ ನಿಜವಾದ ಕೊರತೆಗಳು. ಅವನ್ನು ತೂಗುವ ಮೊದಲು ಒಂದು ಪರೀಕ್ಷೆ ಮಾಡಿ: ನಿಮ್ಮ ತಾಣದ ಮೂಲ ಎಲ್ಲಿದೆ?

ಎರಡು ಮನೆತನಗಳಿವೆ. ಡ್ರೀಮ್‌ವೀವರ್, ಫ್ರಂಟ್‌ಪೇಜ್, ಎಕ್ಸ್‌ಪ್ರೆಶನ್ ವೆಬ್ ಮೊದಲಾದವು ಪುಟದ ಕೋಡ್ ಇರುವ ಸಾಮಾನ್ಯ ಎಚ್‌ಟಿಎಂಎಲ್ ಕಡತಗಳ ಮೇಲೆಯೇ ಕೆಲಸ ಮಾಡುವವು. ಕಡತವೇ ಮೂಲ, ಕಡತವೇ ಫಲ. ಐವೆಬ್, ಅಡೋಬಿ ಮ್ಯೂಸ್ ಮೊದಲಾದವು ಇಡೀ ತಾಣವನ್ನು ತಮ್ಮದೇ ಪೆಟ್ಟಿಗೆಯಲ್ಲಿಟ್ಟು, ಪ್ರಕಟಿಸುವಾಗ ಎಚ್‌ಟಿಎಂಎಲ್ ಉಗುಳುವವು. ಉಗುಳಿದ್ದನ್ನು ಮರಳಿ ನುಂಗಲು ಅವಕ್ಕೆ ಬರುವುದಿಲ್ಲ. ಐವೆಬ್ 2006ರಲ್ಲಿ ಬಂತು. ಅದರ ತಾಣಗಳಿಗೆ ಮನೆಯಾಗಿದ್ದ ಮೊಬೈಲ್‌ಮಿ ಸೇವೆಯನ್ನು ಆಪಲ್ 2012ರ ಜೂನ್ 30ರಂದು ಮುಚ್ಚಿತು. ಮ್ಯೂಸ್ ಹುಟ್ಟಿದ್ದು 2012ರಲ್ಲಿ. 2018ರಲ್ಲಿ ಅಡೋಬಿ ಅದರ ಬೆಳವಣಿಗೆ ನಿಲ್ಲಿಸುವುದಾಗಿ ಹೇಳಿತು, 2020ರ ಮಾರ್ಚ್‌ನಲ್ಲಿ ಬೆಂಬಲವೂ ಮುಗಿಯಿತು. ಪುಟಗಳು ಬ್ರೌಸರಿನಲ್ಲಿ ಚೆನ್ನಾಗಿಯೇ ತೆರೆಯುತ್ತವೆ. ತೆರೆಯದಿರುವುದು ಪೆಟ್ಟಿಗೆ, ಅಂದರೆ ತಿದ್ದುವ ಸಾಮರ್ಥ್ಯ.

ಕಡತದ ಮನೆತನಕ್ಕೂ ಸಾವು ತಪ್ಪಿದ್ದಲ್ಲ. ಫ್ರಂಟ್‌ಪೇಜಿನ ಕೊನೆಯ ಆವೃತ್ತಿ 2003ರದ್ದು. ಅದರ ಜಾಗಕ್ಕೆ ಬಂದ ಎಕ್ಸ್‌ಪ್ರೆಶನ್ ವೆಬ್ಬನ್ನು ಮೈಕ್ರೋಸಾಫ್ಟ್ 2012ರ ಡಿಸೆಂಬರಿನಲ್ಲಿ ಉಚಿತವಾಗಿ ಬಿಟ್ಟು ಕೈತೊಳೆದುಕೊಂಡಿತು. ಆದರೆ ಆ ತಾಣಗಳನ್ನು ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆದು ಇವತ್ತೂ ತಿದ್ದಬಹುದು. ಇಲ್ಲೂ ಒಂದು ಒಳಭೇದವಿದೆ. ಕೈಯಿಂದ ಬರೆದ ಕೋಡನ್ನು ತಾನು ಮುಟ್ಟುವುದಿಲ್ಲ ಎಂಬುದು 1997ರಲ್ಲಿ ಡ್ರೀಮ್‌ವೀವರ್ ಬಂದಾಗ ಅದರ ದೊಡ್ಡ ಹೆಗ್ಗಳಿಕೆಯಾಗಿತ್ತು. ಬೇರೆ ಕೆಲವು ಸಂಪಾದಕಗಳು ಕಡತವನ್ನು ತೆರೆದು ಉಳಿಸಿದ ಕ್ಷಣವೇ ತಮಗೆ ತಿಳಿದಂತೆ ಮರುಬರೆಯುತ್ತವೆ. ನನ್ನದು ಆ ಜಾತಿಯದು. ಒಂದು ಭಾನುವಾರವಿಡೀ ಕುಳಿತು 60 ಪುಟಗಳಿಗೆ ವ್ಯೂಪೋರ್ಟ್ ಸಾಲು ಸೇರಿಸಿದ್ದೆ. ಸೋಮವಾರ ಮೆನುವಿನಲ್ಲಿ ಒಂದು ಕೊಂಡಿ ಬದಲಿಸಿ ಪ್ರಕಟಿಸಿದೆ. ಅರವತ್ತೂ ಸಾಲುಗಳು ಗುಡಿಸಿದಂತೆ ಮಾಯವಾಗಿದ್ದವು.

ಆದ್ದರಿಂದ ಪರೀಕ್ಷೆ ಹೀಗಿರಲಿ. ತಾಣದ ಒಂದು ಪುಟದಲ್ಲಿ ಕೈಯಿಂದ ಒಂದು ಟಿಪ್ಪಣಿ ಸಾಲು ಬರೆಯಿರಿ, ತಂತ್ರಾಂಶದಲ್ಲಿ ಬೇರೇನನ್ನೋ ಬದಲಿಸಿ ಪ್ರಕಟಿಸಿ, ಸಾಲು ಉಳಿದಿದೆಯೇ ನೋಡಿ. ಉಳಿದಿದ್ದರೆ ನಿಮ್ಮ ತಂತ್ರಾಂಶಕ್ಕೆ ಇನ್ನೂ ಆಯುಸ್ಸಿದೆ.

ತೇಪೆ ಹಾಕಿ ಮುಂದುವರಿಯುವುದು

ತಾಣದಲ್ಲಿ ಮೂವತ್ತು ನಲವತ್ತು ಪುಟ, ತಿಂಗಳಿಗೊಂದು ಬದಲಾವಣೆ, ಪುಟಗಳು ಹರಿಯುವಂಥವು, ತಂತ್ರಾಂಶ ಈಗಿನ ಆಪರೇಟಿಂಗ್ ಸಿಸ್ಟಂನಲ್ಲಿ ಓಡುತ್ತಿದೆ ಎಂದಾದರೆ ನನ್ನ ಸಲಹೆ ಅದನ್ನೇ ಇಟ್ಟುಕೊಳ್ಳಿ ಎಂಬುದು. ಹೆಡ್ ಭಾಗಕ್ಕೆ ಕೋಡ್ ಸೇರಿಸಲು ಅದು ಬಿಡದಿದ್ದರೂ ಉಪಾಯವಿದೆ. ಫೋಲ್ಡರಿಗೆ ಪ್ರಕಟಿಸಿದ ಮೇಲೆ, ಸರ್ವರಿಗೆ ಕಳುಹಿಸುವ ಮೊದಲು, ಎಲ್ಲ ಪುಟಗಳಲ್ಲೂ ಹೆಡ್ ಮುಗಿಯುವ ಟ್ಯಾಗನ್ನು ಹುಡುಕಿ ಅದರ ಮುಂದೆ ನಿಮ್ಮ ಸಾಲುಗಳನ್ನು ತುರುಕುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಸಾಕು, ಹತ್ತು ಹದಿನೈದು ಸಾಲಿನದು. ತಂತ್ರಾಂಶ ಎಷ್ಟು ಬಾರಿ ಗುಡಿಸಿದರೂ ಸ್ಕ್ರಿಪ್ಟ್ ಮರಳಿ ರಂಗೋಲಿ ಹಾಕುತ್ತದೆ. ಆ ಸೋಮವಾರದ ನಂತರ ನಾನು ಎರಡು ವರ್ಷ ಹೀಗೆಯೇ ಬದುಕಿದೆ.

ಕನ್ನಡದಂಥ ಲಿಪಿಯಲ್ಲಿ ಬರೆಯುವವರು, ಎಲ್ಲ ಲಿಪಿಗಳನ್ನೂ ಉಳಿಸಬಲ್ಲ ಎನ್‌ಕೋಡಿಂಗ್ ಆದ ಯುಟಿಎಫ್-8 ಒಂದನ್ನು ಮಾತ್ರ ರಾಜಿಯಿಲ್ಲದೆ ನೋಡಿಕೊಳ್ಳಬೇಕು. ಪುಟವನ್ನು ಹಳೆಯ ಪಾಶ್ಚಾತ್ಯ ಎನ್‌ಕೋಡಿಂಗಿನಲ್ಲಿ ಉಳಿಸಿ ಅಕ್ಷರಗಳನ್ನು ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಮಾಡುವ ತಂತ್ರಾಂಶಕ್ಕೆ ಯಾವ ತೇಪೆಯೂ ಬೇಡ, ವಿದಾಯ ಹೇಳಿ.

ವಿದಾಯಕ್ಕೆ ಇನ್ನೊಂದು ಕಾರಣ ಆಪರೇಟಿಂಗ್ ಸಿಸ್ಟಂ. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಒಟ್ಟಾಗಿ ಹೊರಗಟ್ಟಿತು. ತಾಣ ತಿದ್ದುವುದಕ್ಕೆಂದೇ ಹಳೆಯ ಕಂಪ್ಯೂಟರೊಂದನ್ನು ಮೂಲೆಯಲ್ಲಿ ಕಾಪಾಡಿಕೊಂಡಿದ್ದೀರಾದರೆ, ನಿರ್ಧಾರವನ್ನು ನಿಮ್ಮ ಬದಲು ಅದರ ಹಾರ್ಡ್‌ಡಿಸ್ಕ್ ಒಂದು ದಿನ ತೆಗೆದುಕೊಳ್ಳುತ್ತದೆ.

ಅದೇ ಜಾತಿಯ ಹೊಸ ತಂತ್ರಾಂಶ

ಹಳೆಯ ಸುಖವನ್ನು ಬಿಡದೆ ಹೊಸದಕ್ಕೆ ಹೋಗಬಯಸುವವರು ಮೊದಲು ನೋಡಬೇಕಾದ ಗುಂಪು ಇದು. ಕಡತದ ಮನೆತನದಿಂದ ಬಂದವರಿಗೆ ಪೈನ್‌ಗ್ರೋ ಹತ್ತಿರದ ನೆಂಟ. ನಿಮ್ಮ ಈಗಿರುವ ಎಚ್‌ಟಿಎಂಎಲ್ ಕಡತಗಳನ್ನೇ ತೆರೆಯುತ್ತದೆ, ಒಂದೇ ಪುಟವನ್ನು ಹಲವು ಅಗಲಗಳಲ್ಲಿ ಪಕ್ಕಪಕ್ಕ ತೋರಿಸುತ್ತದೆ. ಆದರೆ ಸಿಎಸ್‌ಎಸ್ ಎಂದರೇನೆಂದು ಸ್ವಲ್ಪವಾದರೂ ತಿಳಿದಿರಬೇಕೆಂದು ಅದು ನಿರೀಕ್ಷಿಸುತ್ತದೆ. ಅದನ್ನು ಪೂರ್ತಿ ಮರೆಸುವ ಭರವಸೆ ಅದರದ್ದಲ್ಲ. ಮೊಬಿರೈಸ್ ಮರೆಸುತ್ತದೆ: ಸಿದ್ಧ ಬ್ಲಾಕ್‌ಗಳನ್ನು ಜೋಡಿಸುತ್ತಾ ಹೋದರೆ ಮೊಬೈಲಿಗೆ ಹೊಂದುವ ಪುಟ ಸಿಗುತ್ತದೆ, ಬ್ಲಾಕ್‌ಗಳ ಆಚೆಗಿನ ಆಸೆ ಇಟ್ಟುಕೊಳ್ಳಬಾರದು. ಮ್ಯಾಕ್ ಬಳಸುವವರಿಗೆ 2004ರಿಂದ ಇರುವ ರ‍್ಯಾಪಿಡ್‌ವೀವರ್ ಇದೆ; ಇದು ಪೆಟ್ಟಿಗೆಯ ಮನೆತನ.

ನನಗೆ ಹೆಚ್ಚು ಹಿಡಿಸಿದ್ದು ಪಬ್ಲಿಐ. ಮುಕ್ತ ಆಕರದ್ದು, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಬರೆಯುವುದು ಕಂಪ್ಯೂಟರಿನಲ್ಲೇ, ಇಂಟರ್‌ನೆಟ್ ಇಲ್ಲದಿದ್ದರೂ ಸರಿ. ಚಿತ್ರಗಳ ಹಲವು ಅಳತೆಗಳನ್ನು ತಾನೇ ಮಾಡುತ್ತದೆ, ಎಸ್‌ಎಫ್‌ಟಿಪಿಯಲ್ಲಿ ಕಳುಹಿಸುತ್ತದೆ, ಫಲ ಶುದ್ಧ ಸ್ಥಿರ ಪುಟಗಳು. ನನ್ನ ಪಟ್ಟಿಯ ಮುಕ್ಕಾಲು ಪಾಲು ಅಲ್ಲಿ ಈಡೇರಿತ್ತು. ಕಳೆದುಕೊಂಡದ್ದು ಒಂದೇ: ಚಿತ್ರವನ್ನು ಬೇಕಾದ ಜಾಗಕ್ಕೆ ಎಳೆದು ಬಿಡುವ ಸ್ವಾತಂತ್ರ್ಯ. ವಿನ್ಯಾಸವನ್ನು ಥೀಮ್ ನಿರ್ಧರಿಸುತ್ತದೆ, ನೀವು ವಿಷಯ ತುಂಬುತ್ತೀರಿ. ಒಂದೊಂದು ಪುಟವನ್ನೂ ಒಂದೊಂದು ಭಿತ್ತಿಪತ್ರದಂತೆ ರಚಿಸುತ್ತಿದ್ದವರಿಗೆ ಇದು ಉಸಿರುಕಟ್ಟಿಸಬಹುದು. ಲೇಖನಗಳ ತಾಣವಿರುವವರಿಗೆ ಬಿಡುಗಡೆ.

ಬ್ರೌಸರಿನೊಳಗಿನ ಚಂದಾ ಸೇವೆಗಳು

ವಿಕ್ಸ್, ಸ್ಕ್ವೇರ್‌ಸ್ಪೇಸ್, ವೆಬ್‌ಫ್ಲೋ. ಬಯಕೆಗಳ ಪಟ್ಟಿಯಲ್ಲಿರುವ ಹೆಚ್ಚಿನವು ಮೊದಲ ದಿನವೇ ಇರುತ್ತವೆ, ಎಚ್‌ಟಿಟಿಪಿಎಸ್ ಸಮೇತ. ಅಂಗಡಿ, ಕಾಯ್ದಿರಿಸುವಿಕೆ, ಹಣ ಪಾವತಿ ಬೇಕಾದವರಿಗೆ ಇದಕ್ಕಿಂತ ನೇರವಾದ ದಾರಿ ಕಡಿಮೆ. ಆದರೆ ಪೆಟ್ಟಿಗೆಯ ಪರೀಕ್ಷೆ ಇಲ್ಲಿಯೂ ಮಾಡಿ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಸರ್ವರಿನಲ್ಲಿ ಇಡಲು ಬರುವುದಿಲ್ಲ. ಸ್ಕ್ವೇರ್‌ಸ್ಪೇಸ್ ವಿಷಯದ ಒಂದು ಭಾಗವನ್ನು ವರ್ಡ್‌ಪ್ರೆಸ್ ಓದಬಲ್ಲ ಕಡತವಾಗಿ ಕೊಡುತ್ತದೆ. ವೆಬ್‌ಫ್ಲೋ ಹಣ ಕೊಡುವ ಯೋಜನೆಗಳಲ್ಲಿ ಕೋಡ್ ಕೊಡುತ್ತದೆ. ಡೆಸ್ಕ್‌ಟಾಪ್ ತಂತ್ರಾಂಶ ನಿಂತುಹೋದರೆ ತಿದ್ದುವುದು ನಿಲ್ಲುತ್ತದೆ. ಚಂದಾ ನಿಂತರೆ ತಾಣವೇ ನಿಲ್ಲುತ್ತದೆ. ಯಾಹೂ 2009ರ ಅಕ್ಟೋಬರಿನಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಹೋದದ್ದು ಜನ ವರ್ಷಗಟ್ಟಲೆ ಕೈಯಾರೆ ಕಟ್ಟಿದ ಪುಟಗಳು.

ವರ್ಡ್‌ಪ್ರೆಸ್

2003ರಲ್ಲಿ ಹುಟ್ಟಿ ಇಂದು ಜಗತ್ತಿನ ತಾಣಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚನ್ನು ನಡೆಸುತ್ತಿರುವ ವ್ಯವಸ್ಥೆಗೆ ಪರಿಚಯ ಬೇಡ. ಹಳೆಯ ತಂತ್ರಾಂಶದ ಅಭಿಮಾನಿ ಗಮನಿಸಬೇಕಾದದ್ದು, ಅವನ ಬಯಕೆಗಳನ್ನು ಇದು ಕೇಳದೆಯೇ ಈಡೇರಿಸುತ್ತಾ ಬಂದಿರುವ ರೀತಿ. ಚಿತ್ರದ ಹಲವು ಅಳತೆಗಳಿಂದ ಬ್ರೌಸರ್ ಆರಿಸಿಕೊಳ್ಳುವ ವ್ಯವಸ್ಥೆ 2015ರ 4.4 ಆವೃತ್ತಿಯಲ್ಲಿ ಬಂತು, ಚಿತ್ರಗಳನ್ನು ತಡವಾಗಿ ತರಿಸುವುದು 2020ರ 5.5ರಲ್ಲಿ, ವೆಬ್‌ಪಿ 2021ರ 5.8ರಲ್ಲಿ. ತಾಣದ ಒಡೆಯ ಅಪ್‌ಡೇಟ್ ಗುಂಡಿ ಒತ್ತಿದ್ದು ಬಿಟ್ಟರೆ ಏನನ್ನೂ ಮಾಡಬೇಕಾಗಿರಲಿಲ್ಲ.

ಆ ಗುಂಡಿಯೇ ಇದರ ಬೆಲೆ ಕೂಡ. ಪುಟಗಳು ಡೇಟಾಬೇಸಿನಲ್ಲಿ ಇರುತ್ತವೆ, ಓದುಗ ಬಂದಾಗ ಪಿಎಚ್‌ಪಿ ಎಂಬ ಭಾಷೆಯ ಕೋಡ್ ಅವನ್ನು ಜೋಡಿಸಿಕೊಡುತ್ತದೆ. ಅಂದರೆ ಸರ್ವರಿನಲ್ಲಿ ಸದಾ ಓಡುತ್ತಿರುವ ಒಂದು ಯಂತ್ರವನ್ನು ಸಾಕಿಕೊಂಡ ಹಾಗೆ. ಅದಕ್ಕೆ ಮೇವು ಹಾಕಬೇಕು: ಮೂಲ ವ್ಯವಸ್ಥೆ, ಥೀಮ್, ಹೆಚ್ಚುವರಿ ಸೌಲಭ್ಯ ಕೊಡುವ ಪ್ಲಗಿನ್ ಎಲ್ಲವನ್ನೂ ನವೀಕರಿಸುತ್ತಿರಬೇಕು, ಇಲ್ಲವಾದರೆ ಹಳೆಯ ಪ್ಲಗಿನ್ನಿನ ಬಿರುಕಿನಿಂದ ಯಾರೋ ಒಳಗೆ ಬರುತ್ತಾರೆ. ವರ್ಷಕ್ಕೆ ಎರಡು ಬಾರಿ ತಾಣ ಮುಟ್ಟುವವರಿಗೆ ಈ ಪಶುಸಂಗೋಪನೆ ಒಗ್ಗುವುದಿಲ್ಲ. ವಾರಕ್ಕೆ ನಾಲ್ಕು ಲೇಖನ ಹಾಕುವ, ಮೂರ್ನಾಲ್ಕು ಜನ ಸೇರಿ ಬರೆಯುವ ತಾಣಕ್ಕೆ ಇದಕ್ಕಿಂತ ಸಲೀಸಾದದ್ದು ನನಗೆ ಕಂಡಿಲ್ಲ. ಒಂದು ಮೋಜಿನ ಸಂಗತಿ: 2018ರ ಡಿಸೆಂಬರಿನಲ್ಲಿ 5.0 ಆವೃತ್ತಿ ಆಧುನಿಕವಾದ ಬ್ಲಾಕ್ ಸಂಪಾದಕವನ್ನು ತಂದಾಗ, ಹಳೆಯ ಸಂಪಾದಕವನ್ನು ಮರಳಿ ತರುವ ಪ್ಲಗಿನ್ನಿಗೆ ಜನ ಮುಗಿಬಿದ್ದರು. ಲಕ್ಷಾಂತರ ತಾಣಗಳಲ್ಲಿ ಅದು ಇನ್ನೂ ಇದೆ. ಆಧುನಿಕತೆ ಬೇಕೆಂದು ಗೊಣಗುವ ನಾವು, ಅದು ಬಂದಾಗಲೂ ಗೊಣಗುವವರೇ.

ಜನರೇಟರ್ ಮತ್ತು ಕೈಬರಹ

2008ರ ಜೆಕಿಲ್, 2013ರ ಹ್ಯೂಗೊ, ಅವುಗಳ ನಂತರದ ಇಲೆವೆಂಟಿ ಮೊದಲಾದ ಜನರೇಟರ್‌ಗಳಲ್ಲಿ ನೀವು ವಿಷಯವನ್ನು ಮಾರ್ಕ್‌ಡೌನ್ ಎಂಬ ಸರಳ ಪಠ್ಯದಲ್ಲಿ ಬರೆಯುತ್ತೀರಿ. ಟೆಂಪ್ಲೇಟ್ ಬೇರೆ, ವಿಷಯ ಬೇರೆ. ಒಂದು ಆಜ್ಞೆ ಕೊಟ್ಟರೆ ಎರಡನ್ನೂ ಹೊಸೆದು ಇಡೀ ತಾಣದ ಎಚ್‌ಟಿಎಂಎಲ್ ತಯಾರಾಗುತ್ತದೆ. ಹ್ಯೂಗೊ ಸಾವಿರಾರು ಪುಟಗಳನ್ನು ಸೆಕೆಂಡುಗಳಲ್ಲಿ ಮುಗಿಸುತ್ತದೆ. ಮೆನುವಿಗೆ ಒಂದು ಕೊಂಡಿ ಸೇರಿಸುವುದೆಂದರೆ ಒಂದು ಕಡತದಲ್ಲಿ ಒಂದು ಸಾಲು. ಸರ್ವರಿನಲ್ಲಿ ಯಂತ್ರವೇನೂ ಓಡುವುದಿಲ್ಲವಾದ್ದರಿಂದ ಮೇವಿನ ಚಿಂತೆಯಿಲ್ಲ, ಗಿಟ್‌ಹಬ್ ಪೇಜಸ್‌ನಂಥ ಕಡೆ ಹಣವಿಲ್ಲದೆಯೂ ಇಡಬಹುದು. ಮಾರ್ಕ್‌ಡೌನ್ ಕಡತಗಳು ಯಾವ ಪೆಟ್ಟಿಗೆಯಲ್ಲೂ ಇಲ್ಲ, ನಾಳೆ ಜನರೇಟರ್ ಬದಲಿಸಿದರೂ ಬರಹ ನಿಮ್ಮದೇ.

ಬೆಲೆ ಏನೆಂದರೆ ಬರೆಯುವಾಗ ಪುಟ ಕಾಣುವುದಿಲ್ಲ. ಮುನ್ನೋಟ ಪಕ್ಕದ ಬ್ರೌಸರಿನಲ್ಲಿ, ಆಜ್ಞೆಗಳು ಕಪ್ಪು ಕಿಟಕಿಯಲ್ಲಿ. ಎಳೆದು ಬಿಡುವ ಅಭ್ಯಾಸದ ಕೈಗೆ ಮೊದಲ ತಿಂಗಳು ಎಡಗೈಯಲ್ಲಿ ಬರೆದಂತಾಗುತ್ತದೆ. ಥೀಮುಗಳೂ ಜನರೇಟರಿನ ಆವೃತ್ತಿಯೂ ಒಂದನ್ನೊಂದು ಬಿಟ್ಟು ಮುಂದೆ ಹೋಗುವುದುಂಟು. ಕೆಲಸ ಮಾಡುತ್ತಿರುವ ಆವೃತ್ತಿಯ ಒಂದು ಪ್ರತಿಯನ್ನು ಎತ್ತಿಟ್ಟುಕೊಳ್ಳುವುದು ಜಾಣತನ.

ಹತ್ತಕ್ಕಿಂತ ಕಡಿಮೆ ಪುಟಗಳಿದ್ದರೆ ಜನರೇಟರೂ ಬೇಡ. ಈಗಿನ ಸಿಎಸ್‌ಎಸ್ ಗ್ರಿಡ್ 2017ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿದೆ. ಹಿಂದೆ ಟೇಬಲ್ಲಿನೊಳಗೆ ಟೇಬಲ್ ತುರುಕಿ ಮಾಡುತ್ತಿದ್ದುದನ್ನು ಅದು ಮೂರು ಸಾಲಿನಲ್ಲಿ ಮಾಡುತ್ತದೆ. ಕೋಡ್ ಕಷ್ಟವೆಂದು ಇಪ್ಪತ್ತು ವರ್ಷಗಳ ಹಿಂದೆ ತಂತ್ರಾಂಶ ಹಿಡಿದವರು ಒಮ್ಮೆ ಮರಳಿ ಇಣುಕಿ ನೋಡಿ. ಆಗ ಕಷ್ಟವಾಗಿದ್ದಷ್ಟು ಈಗಿಲ್ಲ.

ಸ್ಥಳಾಂತರಿಸುವವರಿಗೆ

ಮೊದಲು ಹೊಸ ಜಾಗದಲ್ಲಿ ಐದು ಪುಟ ಕಟ್ಟಿ: ಮುಖಪುಟ, ಅತಿ ಉದ್ದದ ಲೇಖನ, ಅತಿ ಹೆಚ್ಚು ಚಿತ್ರಗಳ ಪುಟ, ಟೇಬಲ್ ಇರುವ ಪುಟ, ಮತ್ತು ಹಳೆಯ ತಂತ್ರಾಂಶದಲ್ಲಿ ನೀವು ಹೆಮ್ಮೆಪಡುವ ಆ ವಿಚಿತ್ರ ಪುಟ. ತೊಂದರೆಗಳೆಲ್ಲ ಈ ಐದರಲ್ಲಿ ಹೊರಬೀಳುತ್ತವೆ. ತಾಣದಲ್ಲಿರುವ ಇನ್ನೂರು ಪುಟಗಳಲ್ಲಿ ಎಷ್ಟನ್ನು ನಿಜವಾಗಿ ಯಾರಾದರೂ ಓದುತ್ತಾರೆ ಎಂದು ಸರ್ವರಿನ ಲಾಗ್ ನೋಡಿ. ಉಳಿದವನ್ನು ಹಳೆಯ ರೂಪದಲ್ಲೇ ಅಲ್ಲೇ ಬಿಟ್ಟರೂ ಆಕಾಶ ಕಳಚಿ ಬೀಳುವುದಿಲ್ಲ. ಎಚ್‌ಟಿಎಂಎಲ್ ತಾಳಿಕೆಯ ವಸ್ತು. 1991ರಲ್ಲಿ ಸರ್ನ್‌ನಲ್ಲಿ ಸಾರ್ವಜನಿಕವಾದ ಮೊದಲ ವೆಬ್‌ಸೈಟಿನ ಪುಟಗಳು ಇವತ್ತಿನ ಬ್ರೌಸರಿನಲ್ಲೂ ತೆರೆಯುತ್ತವೆ, ಕಿಟಕಿಯನ್ನು ಕಿರಿದು ಮಾಡಿದರೂ ಅದಕ್ಕೆ ತಕ್ಕಂತೆ ಹರಿಯುತ್ತವೆ, ಏಕೆಂದರೆ ಅವಕ್ಕೆ ಯಾರೂ ಮೊಳೆ ಹೊಡೆದಿರಲಿಲ್ಲ.

ವಿಳಾಸಗಳನ್ನು ಮಾತ್ರ ಮುರಿಯಬೇಡಿ. ಹೊಸ ವ್ಯವಸ್ಥೆಯಲ್ಲಿ ಪುಟದ ವಿಳಾಸ ಬದಲಾದರೆ ಹಳೆಯದರಿಂದ ಹೊಸದಕ್ಕೆ, ಪುಟ ಶಾಶ್ವತವಾಗಿ ಸ್ಥಳ ಬದಲಿಸಿದೆ ಎಂದು ಹೇಳುವ 301 ಮರುನಿರ್ದೇಶನ ಹಾಕಿ. ವೇಗ ಅಳೆಯಲು ಗೂಗಲ್ ಹೇಳುವ ಗಡಿಗಳು ಹೋಲಿಕೆಗೆ ಉಪಯುಕ್ತ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ತೂಕ ಇಳಿಸಿದ ಹಳೆಯ ಸ್ಥಿರ ಪುಟ ಈ ಪರೀಕ್ಷೆಯಲ್ಲಿ ಹೊಳೆಯುವ ಹೊಸ ಬಿಲ್ಡರನ್ನು ಹಿಂದಿಕ್ಕುವುದನ್ನು ನೋಡಿ ನಾನು ಒಳಗೊಳಗೇ ಹಿಗ್ಗಿದ್ದಿದೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಲೇಖನಗಳೆಲ್ಲ ಹ್ಯೂಗೊಗೆ ಹೋದವು, ಮೂರು ವಾರಾಂತ್ಯ ಹಿಡಿಯಿತು. ಚಿತ್ರಗಳನ್ನು ಅಡ್ಡಾದಿಡ್ಡಿ ಜೋಡಿಸಿ ರಚಿಸಿದ ಎಂಟು ಪುಟಗಳು ಯಾವ ಟೆಂಪ್ಲೇಟಿಗೂ ಬಗ್ಗಲಿಲ್ಲ. ಅವು ಹಳೆಯ ತಂತ್ರಾಂಶದಲ್ಲೇ ಉಳಿದಿವೆ, ಅದರ ಜೊತೆಗೆ ಆ ಪುಟ್ಟ ಸ್ಕ್ರಿಪ್ಟೂ. ಮೊನ್ನೆ ಹೊಸ ಆವೃತ್ತಿ ಬಂದಿದೆ ಎಂಬ ಸೂಚನೆ ಬಂತು. ಪಟ್ಟಿಯನ್ನು ತೆರೆದುಕೊಂಡೇ ಇನ್‌ಸ್ಟಾಲ್ ಮಾಡಿದೆ. ಈ ಬಾರಿ ಗುಂಡಿಗಳ ಮೂಲೆಗಳನ್ನು ದುಂಡಗೆ ಮಾಡಿದ್ದಾರೆ.